ಹೊಳಪಿಗೂ ಒಂದು ಹದ

ಹಳೆಯ ವಸ್ತುವೊಂದು ಕೈಗೆ ಬಂದೊಡನೆ ಅದನ್ನು ಉಜ್ಜಬೇಕೆನಿಸುವುದು ಮನುಷ್ಯಸ್ವಭಾವ. ನಮ್ಮ ಕಡೆಯ ಮನೆಗಳಲ್ಲಿ ಹಬ್ಬ ಹತ್ತಿರ ಬಂದಿತೆಂದರೆ ಹಿತ್ತಾಳೆಯ ಕೊಡಗಳೂ ತಾಮ್ರದ ಹಂಡೆಗಳೂ ಹಿತ್ತಲಿಗೆ ಇಳಿಯುತ್ತವೆ. ಹುಣಸೆಯ ಹುಳಿ, ಒಲೆಯ ಬೂದಿ, ತೆಂಗಿನ ನಾರು ಈ ಮೂರೂ ಕೂಡಿದರೆ ಅವುಗಳ ಮೈಮೇಲೆ ಮುಖ ಕಾಣುವಷ್ಟು ಬೆಳಕು ಮೂಡುತ್ತದೆ. ಕೊಡಕ್ಕೆ ಇದರಿಂದ ಕೇಡಿಲ್ಲ. ಅದರ ತಗಡು ದಪ್ಪ, ಆಯುಸ್ಸು ದೊಡ್ಡದು. ಆದರೆ ಕೊಡಕ್ಕೆ ಒಪ್ಪಿದ ಉಪಚಾರವು ಲೇಖನಿಗೂ ಒಪ್ಪೀತೆಂದು ಬಗೆದರೆ ಅನರ್ಥವಾಗುತ್ತದೆ.

ಈ ಮಾತನ್ನು ಎತ್ತಲು ಕಾರಣ ರಬಕವಿಯ ವಾಚಕರೊಬ್ಬರ ಪತ್ರ. ಅವರ ಅಜ್ಜನವರ ಪೆಟ್ಟಿಗೆಯಲ್ಲಿ, ನೂಲಿನ ಲೆಕ್ಕ ಬರೆದ ಕಿರ್ದಿ ಪುಸ್ತಕಗಳ ಕೆಳಗೆ, ಮೂರು ಫೌಂಟನ್ ಪೆನ್ನುಗಳು ದೊರೆತಿವೆಯಂತೆ. ಒಂದು ಕಪ್ಪಾಗಿದ್ದುದು ಈಗ ಗೋಣಿಯ ಬಣ್ಣಕ್ಕೆ ತಿರುಗಿದೆ. ಎರಡನೆಯದರ ಟೋಪಿ ಎಳೆಹಸಿರು, ಒಡಲು ಮಾತ್ರ ಕಂದಿದೆ. ಮೂರನೆಯದಕ್ಕೆ ಚಿನ್ನದ ಬಣ್ಣದ ಟೋಪಿಯಿದೆ, ಒಡಲಿನ ತುಂಬ ಸಣ್ಣ ಗೀರುಗಳಿವೆ. “ಇವುಗಳಿಗೆ ಯಾವ ಪಾಲಿಶು ಕ್ಷೇಮಕರ?” ಎಂಬುದು ಅವರ ಪ್ರಶ್ನೆ. ಪ್ರಶ್ನೆ ಚಿಕ್ಕದು. ಉತ್ತರ ಮಾತ್ರ ಒಂದು ಡಬ್ಬಿಯ ಹೆಸರಿನಲ್ಲಿ ಮುಗಿಯುವಂಥದಲ್ಲ.

ಇಂಥ ಪೆಟ್ಟಿಗೆಗಳು ನಮ್ಮ ಸೀಮೆಯಲ್ಲಿ ಇನ್ನೂ ಎಷ್ಟೋ ಇರಬೇಕು. ಜಮಖಂಡಿಯೂ ಮುಧೋಳವೂ 1948ರವರೆಗೆ ಬೇರೆ ಬೇರೆ ಸಂಸ್ಥಾನಗಳು. ಒಂದಕ್ಕೆ ಪಟವರ್ಧನರು ಒಡೆಯರು, ಇನ್ನೊಂದಕ್ಕೆ ಘೋರ್ಪಡೆಯವರು. ಸಂಸ್ಥಾನವೆಂದ ಮೇಲೆ ದಫ್ತರವುಂಟು, ಕಚೇರಿಯುಂಟು, ಶಾಲೆಯುಂಟು; ಇವೆಲ್ಲಕ್ಕೂ ಬರವಣಿಗೆಯೇ ಉಸಿರು. 1912ರಲ್ಲಿ ಸಾವಳಗಿಯಲ್ಲಿ ಹುಟ್ಟಿ, ಜಮಖಂಡಿಯಲ್ಲಿ ವಕೀಲಿ ನಡೆಸಿ, ಮುಂದೆ ಮೈಸೂರು ರಾಜ್ಯದ ಮುಖ್ಯಮಂತ್ರಿಯೂ ಭಾರತದ ಉಪರಾಷ್ಟ್ರಪತಿಯೂ ಆದ ಬಿ. ಡಿ. ಜತ್ತಿಯವರ ತಲೆಮಾರಿಗೆ ಜೇಬಿನ ಪೆನ್ನು ಓದಿದವನ ಗುರುತಾಗಿತ್ತು. ರಬಕವಿ ಬನಹಟ್ಟಿಗಳ ನೇಯ್ಗೆಯ ವ್ಯಾಪಾರಕ್ಕೂ ಮಗ್ಗದಷ್ಟೇ ಲೆಕ್ಕದ ಪುಸ್ತಕ ಮುಖ್ಯ. ಸ್ವಾನ್, ವಾಟರ್‌ಮನ್, ಪಾರ್ಕರ್ ಮೊದಲಾದ ವಿದೇಶದ ಪೆನ್ನುಗಳ ಜೊತೆಗೆ, 1932ರಲ್ಲಿ ರಾಜಮಹೇಂದ್ರಿಯಲ್ಲಿ ಆರಂಭವಾದ ರತ್ನಂ ಪೆನ್ನಿನಂಥ ಸ್ವದೇಶಿ ಲೇಖನಿಗಳೂ ಆ ಕಾಲದ ಜೇಬುಗಳನ್ನು ಸೇರಿದವು. ರತ್ನಂ ಪೆನ್ನನ್ನು ಮೆಚ್ಚಿ ಗಾಂಧೀಜಿ ಪತ್ರ ಬರೆದುದು ಪ್ರಸಿದ್ಧವಾದ ಸಂಗತಿ. ಬಾಲ್ ಪೆನ್ನು ಬಂದ ಬಳಿಕ ಇವೆಲ್ಲ ಪೆಟ್ಟಿಗೆಯ ತಳ ಸೇರಿದವು.

ಪಾಲಿಶು ಮಾಡುವುದೆಂದರೇನು ಎಂಬುದನ್ನು ಮೊದಲು ತಿಳಿಯಬೇಕು. ಹೊಳೆಯುವ ವಸ್ತುವಿನ ಮೇಲೆ ಗೀರುಗಳೇ ಇಲ್ಲವೆಂದು ನಾವು ಭಾವಿಸುತ್ತೇವೆ. ಹಾಗಲ್ಲ. ದೊಡ್ಡ ಗೀರು ಬೆಳಕನ್ನು ನಾನಾ ದಿಕ್ಕಿಗೆ ಚೆದರಿಸುವುದರಿಂದ ಮೈ ಮಸುಕಾಗಿ ಕಾಣುತ್ತದೆ. ಅದಕ್ಕಿಂತ ನಯವಾದ ಪುಡಿಯಿಂದ ತಿಕ್ಕಿದಾಗ ದೊಡ್ಡ ಗೀರು ಹೋಗಿ ಸಣ್ಣ ಗೀರು ಬರುತ್ತದೆ. ಇನ್ನೂ ನಯವಾದುದರಿಂದ ತಿಕ್ಕಿದರೆ ಇನ್ನೂ ಸಣ್ಣದು. ಬೆಳಕಿನ ಅಲೆಯ ಉದ್ದ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಗೀರು ಅದಕ್ಕಿಂತ ಕಿರಿದಾದಾಗ ಕಣ್ಣು ಅದನ್ನು ಗುರುತಿಸಲಾರದೆ ‘ಹೊಳಪು’ ಎನ್ನುತ್ತದೆ. ಎಂದಮೇಲೆ ಪಾಲಿಶು ವಸ್ತುವಿಗೆ ಏನನ್ನೂ ಕೊಡುವುದಿಲ್ಲ, ತೆಗೆದುಕೊಳ್ಳುತ್ತದೆ. ಪ್ರತಿಯೊಂದು ಹೊಳಪಿಗೂ ಆ ವಸ್ತುವಿನ ಮೈಯ ಒಂದು ಪದರವೇ ಬೆಲೆ. ಆ ಬೆಲೆಯನ್ನು ಎಷ್ಟು ಸಲ ತೆರಬಹುದು ಎಂಬುದು ವಸ್ತುವು ಯಾವುದೆಂಬುದನ್ನು ಅವಲಂಬಿಸಿದೆ.

ಗೋಣಿಯ ಬಣ್ಣಕ್ಕೆ ತಿರುಗಿದ ಮೊದಲನೆಯ ಪೆನ್ನು ಎಬೊನೈಟಿನದು. ರಬ್ಬರಿಗೆ ನೂರಕ್ಕೆ 30ರ ಆಸುಪಾಸು ಗಂಧಕವನ್ನು ಕೂಡಿಸಿ ಬಹಳ ಹೊತ್ತು ಕಾಯಿಸಿದರೆ ಅದು ಕಪ್ಪು ಮರದಂತೆ ಗಟ್ಟಿಯಾಗುತ್ತದೆ. ಹಿಂದಿನ ಪೆನ್ನುಗಳೆಲ್ಲ ಬಹುಮಟ್ಟಿಗೆ ಇದರವೇ. ರತ್ನಂ ಪೆನ್ನೂ ಇದರದೇ. ಇದರ ಶತ್ರುಗಳು ಬಿಸಿಲು ಮತ್ತು ತೇವ. ಇವೆರಡೂ ಸೇರಿದಾಗ ಮೇಲ್ಮೈಯ ಗಂಧಕ ಆಮ್ಲಜನಕದೊಡನೆ ಬೆರೆತು ಕಪ್ಪು ಹೋಗಿ ಕಂದು ಬರುತ್ತದೆ. ಹೆಬ್ಬೆರಳಿನಿಂದ ಬಿಸಿಯಾಗುವಂತೆ ತಿಕ್ಕಿ ಮೂಸಿದರೆ ಗಂಧಕದ ವಾಸನೆ ಬರುವುದು, ಇದೇ ಅದರ ಗುರುತು. ಇಂಥ ಪೆನ್ನನ್ನು ‘ತೊಳೆಯೋಣ’ ಎಂದು ಬಿಸಿನೀರಿಗೆ ಹಾಕಿದವರು, ಉಳಿದಿದ್ದ ಕಪ್ಪೂ ಕಣ್ಣೆದುರಿಗೇ ಕಂದಾಗುವುದನ್ನು ಕಂಡು ಕೈ ಹಿಸುಕಿಕೊಂಡಿದ್ದಾರೆ. ತಣ್ಣೀರಿನಲ್ಲಿಯೂ ನೆನೆಯಿಡಬಾರದು. ಕಂದಿದ ಪದರವನ್ನು ಮತ್ತೆ ಕಪ್ಪಾಗಿಸುವ ಪಾಲಿಶು ಜಗತ್ತಿನಲ್ಲಿಲ್ಲ. ಇರುವ ದಾರಿ ಎರಡೇ. ಆ ಪದರವನ್ನೇ ಕೆರೆದು ತೆಗೆಯಬೇಕು, ಇಲ್ಲವೆ ಇದ್ದಂತೆ ಇರಗೊಡಬೇಕು. ಮೈಮೇಲೆ ಅಲೆಯಲೆಯಾಗಿ ಕೊರೆದ ಚಿತ್ತಾರವಿದ್ದರೆ ಕೆರೆಯುವ ಮಾತನ್ನೇ ಆಡಬಾರದು. ಕಂದಿನ ಜೊತೆಗೆ ಚಿತ್ತಾರವೂ ಹೋಗುತ್ತದೆ. ಒಣಗಿದ ಮೆತ್ತನೆಯ ಬಟ್ಟೆಯಿಂದ ಒರಸಿ, ತೆಳ್ಳಗೆ ಮೇಣವನ್ನು ಸವರಿ ಬಿಡುವುದು ಲೇಸು. ಬ್ರಿಟಿಷ್ ಮ್ಯೂಜಿಯಮ್ಮಿನ ಪ್ರಯೋಗಶಾಲೆಯಲ್ಲಿ ರೂಪುಗೊಂಡ ರಿನೇಸನ್ಸ್ ವ್ಯಾಕ್ಸ್ ಎಂಬ ಮೇಣವನ್ನು ವಸ್ತುಸಂಗ್ರಹಾಲಯಗಳವರು ಇಂಥ ಕೆಲಸಕ್ಕೆ ಬಳಸುತ್ತಾರೆ. ಅದು ಏನನ್ನೂ ಕೆರೆಯುವುದಿಲ್ಲ. ಬೇಡವೆನಿಸಿದಾಗ ತೆಗೆಯಲೂ ಬರುತ್ತದೆ.

ಎರಡನೆಯ ಹಸಿರು ಪೆನ್ನು ಸೆಲ್ಯುಲಾಯ್ಡಿನದಿರಬೇಕು. ಹತ್ತಿಯ ನಾರಿನಂಥ ಪದಾರ್ಥವನ್ನು ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿ, ಕರ್ಪೂರ ಬೆರೆಸಿ ಮಾಡಿದ ವಸ್ತುವಿದು. 1924ರಲ್ಲಿ ಅಮೆರಿಕದ ಶೀಫರ್ ಕಂಪನಿ ಇದನ್ನು ಪೆನ್ನಿಗೆ ಬಳಸತೊಡಗಿದ ಮೇಲೆ ಲೇಖನಿಗಳ ಲೋಕಕ್ಕೆ ಬಣ್ಣ ಬಂದಿತು. ತಿಕ್ಕಿದರೆ ಕರ್ಪೂರದ ವಾಸನೆ. ಟೋಪಿ ಹಸಿರಾಗಿಯೇ ಉಳಿದು ಒಡಲು ಮಾತ್ರ ಕಂದಿದೆಯೆಂದು ವಾಚಕರು ಬರೆದಿದ್ದಾರಷ್ಟೆ, ರೋಗದ ಮೂಲ ಅಲ್ಲಿಯೇ ಇದೆ. ಶಾಯಿ ತುಂಬುವ ರಬ್ಬರ್ ಚೀಲವಿರುವುದು ಒಡಲಿನಲ್ಲಿ. ಆ ರಬ್ಬರಿನಿಂದ ಹೊರಡುವ ಗಂಧಕದ ಆವಿ ಸೆಲ್ಯುಲಾಯ್ಡನ್ನು ಒಳಗಿನಿಂದ ಕಂದಿಸಿದೆ. ಹೊರಗಿನಿಂದ ಎಷ್ಟು ತಿಕ್ಕಿದರೂ ಒಳಗಿನ ಕಂದು ಹೋಗದು. ಇದನ್ನು ಅರಿತರೆ ಅರ್ಧ ಶ್ರಮ ಉಳಿಯುತ್ತದೆ, ಪೆನ್ನೂ ಉಳಿಯುತ್ತದೆ.

ಸೆಲ್ಯುಲಾಯ್ಡಿಗೆ ಸ್ಪಿರಿಟ್ಟು, ಥಿನ್ನರು, ಉಗುರುಬಣ್ಣ ತೆಗೆಯುವ ದ್ರವ ಯಾವುದೂ ಸೋಂಕಬಾರದು. ಇವು ಅದನ್ನು ಮೆತ್ತಗಾಗಿಸುತ್ತವೆ, ಕೆಲವು ಕರಗಿಸಿಯೇ ಬಿಡುತ್ತವೆ. ಇನ್ನೂ ಮುಖ್ಯವಾದುದೆಂದರೆ, ಆಭರಣದಂಗಡಿಯ ತಿರುಗುವ ಚಕ್ರಕ್ಕೆ ಇದನ್ನು ಒಡ್ಡಬಾರದು. ಇದು ಬಹುಬೇಗ ಹೊತ್ತಿಕೊಳ್ಳುವ ವಸ್ತು. ಹಳೆಯ ಸಿನಿಮಾ ಫಿಲ್ಮು ಇದೇ ಕುಲದ್ದು. ಚಕ್ರದ ಘರ್ಷಣೆಯ ಬಿಸಿಗೆ ಮೈ ಕರಗಬಹುದು, ಕಿಡಿ ಹಾರಬಹುದು. ಕಾಯಿಸಿದ ಸೂಜಿ ಚುಚ್ಚಿ ಪರೀಕ್ಷಿಸುವ ಸಾಹಸವೂ ಬೇಡ. ಕೈಯಿಂದಲೇ, ನಯವಾದ ಪ್ಲಾಸ್ಟಿಕ್ ಪಾಲಿಶನ್ನು ಹನಿಯಷ್ಟು ಮಾತ್ರ ತೆಗೆದುಕೊಂಡು, ಮೆಲ್ಲಗೆ ಸವರಬೇಕು. ಮೈಯೊಳಗೆ ಜೇಡರ ಬಲೆಯಂತೆ ಬಿರುಕು ಕಂಡು, ಮೂಗಿಗೆ ಘಾಟು ಹತ್ತಿದರೆ ಅದು ಕೊಳೆಯತೊಡಗಿದೆ ಎಂದರ್ಥ. ಅದಕ್ಕೆ ಪಾಲಿಶು ಬೇಡ. ಉಳಿದ ಪೆನ್ನುಗಳಿಂದ ದೂರ, ಗಾಳಿಯಾಡುವಲ್ಲಿ ಇಡಬೇಕು.

ಇದೇ ರೂಪದ ಇನ್ನೊಂದು ವಸ್ತುವೂ ಉಂಟು. ಹೆಸರು ಕೇಸಿನ್, ಹಾಲಿನ ಗಿಣ್ಣದ ಅಂಶವನ್ನು ಫಾರ್ಮಾಲಿನ್ನಿನಲ್ಲಿ ಗಟ್ಟಿಗೊಳಿಸಿ ಮಾಡಿದುದು. ಇಂಗ್ಲೆಂಡಿನ ಕಾನ್ವೇ ಸ್ಟೂವರ್ಟ್ ಪೆನ್ನುಗಳಲ್ಲಿ ಕೆಲವು ಇದರವು. ಹಾಲಿನ ಕುಲದ್ದೆಂದ ಮೇಲೆ ನೀರಿನ ಮೋಹ ಹೋದೀತೆ? ನೀರಿನಲ್ಲಿಟ್ಟರೆ ಹೀರಿ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಆದ್ದರಿಂದ ಜಾತಿ ಗೊತ್ತಿಲ್ಲದ ಬಣ್ಣದ ಪೆನ್ನನ್ನು ನೆನೆಯಿಡದಿರುವುದೇ ಒಳ್ಳೆಯ ನಿಯಮ.

ಮೂರನೆಯದು 1941ರಲ್ಲಿ ಹೊರಬಂದ ಪಾರ್ಕರ್ 51ರಂಥ ಪೆನ್ನಿದ್ದೀತು. ಅದರ ಒಡಲು ಆಕ್ರಿಲಿಕ್. ಮೂವರಲ್ಲಿ ಇವನೇ ಗಟ್ಟಿಗ. ತಣ್ಣೀರಿಗೆ ಅಂಜುವುದಿಲ್ಲ, ಪಾಲಿಶಿಗೂ ಚೆನ್ನಾಗಿ ಒಗ್ಗುತ್ತಾನೆ. ಸ್ಪಿರಿಟ್ಟು ಮಾತ್ರ ಇವನಿಗೂ ಆಗದು, ಮೈಯೊಳಗೆ ಕೂದಲೆಳೆಯ ಬಿರುಕು ಬಿಡಿಸುತ್ತದೆ. ಟೋಪಿಯ ಚಿನ್ನದ ಕಥೆಯೇ ಬೇರೆ. ಅದು ಹಿತ್ತಾಳೆಯಂಥ ಲೋಹದ ಮೇಲೆ ಹೊದಿಸಿದ ಚಿನ್ನದ ತೆಳುಪದರ. ಪ್ರತಿ ಹಬ್ಬಕ್ಕೂ ಉಜ್ಜಿದರೆ ಕೆಲವೇ ವರ್ಷಗಳಲ್ಲಿ ಅಂಚಿನಲ್ಲಿ ಹಿತ್ತಾಳೆ ಇಣುಕುತ್ತದೆ. ಅದಕ್ಕೆ ಒಣಬಟ್ಟೆಯೇ ಸಾಕು. ಚಿನ್ನ ಮಾಸುವುದಿಲ್ಲ, ಮಾಸಿದಂತೆ ಕಾಣುವುದು ಕೈಯ ಜಿಡ್ಡು.

ಇಲ್ಲಿ ಅಮೋನಿಯದ ಮಾತನ್ನು ಹೇಳಲೇಬೇಕು. ಹಿತ್ತಾಳೆಯನ್ನು ಬೆಳಗುವ ಬ್ರಾಸೊದಂಥ ದ್ರವಗಳಲ್ಲಿ ಸಾಂಪ್ರದಾಯಿಕವಾಗಿ ಅಮೋನಿಯ ಇರುತ್ತದೆ. ಬ್ರಿಟಿಷರ ಕಾಲದಲ್ಲಿ ಭಾರತದ ಸೈನ್ಯದ ಹಿತ್ತಾಳೆಯ ತೋಟೆಗಳು ಮಳೆಗಾಲದಲ್ಲಿ ಕಾರಣವಿಲ್ಲದೆ ಸೀಳುತ್ತಿದ್ದವು. ಮಳೆಗಾಲಕ್ಕೂ ಲೋಹಕ್ಕೂ ಏನು ವೈರವೆಂದು ಯಾರಿಗೂ ತಿಳಿಯಲಿಲ್ಲ. ಕುದುರೆಗಳ ಮೂತ್ರದಿಂದ ಏಳುವ ಅಮೋನಿಯದ ಆವಿಯು ತೇವದ ಹವೆಯಲ್ಲಿ, ಬಿಗಿದು ಎಳೆದ ಹಿತ್ತಾಳೆಯನ್ನು ಸೀಳುತ್ತದೆಂಬುದು 1921ರಲ್ಲಿ ಸ್ಪಷ್ಟವಾಯಿತು. ಪೆನ್ನಿನ ಟೋಪಿಯ ಬಳೆಯೂ ಕೊಕ್ಕೆಯೂ ಹೀಗೆಯೇ ಬಿಗಿದು ಕೂರಿಸಿದವು. ಲಾಯದಿಂದ ತೋಟೆಗೆ ಬಂದ ಕೇಡನ್ನು ನಾವು ಡಬ್ಬಿಯಿಂದ ಪೆನ್ನಿಗೆ ತರುವುದೇಕೆ? ಪಾಲಿಶಿನ ಡಬ್ಬಿಯ ಮೇಲೆ ಅಮೋನಿಯ ಎಂದಿದ್ದರೆ, ಮೂಗಿಗೆ ಆ ಘಾಟು ಬಂದರೆ, ಪೆನ್ನಿನ ಮಟ್ಟಿಗೆ ಅದನ್ನು ದೂರವಿಡಿ.

ಮನೆಮದ್ದುಗಳ ಬಗೆಗೂ ಎರಡು ಮಾತು. ಬೆಳ್ಳಿಯ ಕರಡಿಗೆಯನ್ನು ವಿಭೂತಿಯಿಂದ ಬೆಳಗುವವರು ನಮ್ಮಲ್ಲಿದ್ದಾರೆ. ಬೆಳ್ಳಿಗೆ ಅದು ಸಲ್ಲಬಹುದು, ಮೆತ್ತನೆಯ ಸೆಲ್ಯುಲಾಯ್ಡಿಗೆ ಸಲ್ಲದು. ಹಲ್ಲುಜ್ಜುವ ಪೇಸ್ಟಿನಿಂದ ಪೆನ್ನು ಹೊಳೆಯುತ್ತದೆಂದು ಕೆಲವರು ಹೇಳುವುದುಂಟು. ಆ ಪೇಸ್ಟು ಹಲ್ಲಿನ ಹೊರಕವಚಕ್ಕಾಗಿ ಮಾಡಿದುದು. ನಮ್ಮ ದೇಹದಲ್ಲಿ ಅದಕ್ಕಿಂತ ಗಡುಸಾದುದು ಬೇರೊಂದಿಲ್ಲ. ಪೆನ್ನಿನ ಪ್ಲಾಸ್ಟಿಕ್ಕು ಅದರ ಮುಂದೆ ಬೆಣ್ಣೆ. ಅಲ್ಲದೆ ಪೇಸ್ಟಿನ ಕಣಗಳು ಎಲ್ಲವೂ ಒಂದೇ ಗಾತ್ರದವೆಂಬ ಭರವಸೆಯಿಲ್ಲ. ನೂರು ನಯವಾದ ಕಣಗಳ ನಡುವೆ ಒಂದು ಒರಟಾದುದಿದ್ದರೆ ಗೀರು ಬೀಳುವುದು ಆ ಒಂದರಿಂದಲೇ. ಶೇಂಗಾ ಎಣ್ಣೆಯೋ ಕೊಬ್ಬರಿ ಎಣ್ಣೆಯೋ ಸವರಿದರೆ ಒಂದು ದಿನ ಮಿರುಗಿ, ಒಂದು ತಿಂಗಳಿಗೆ ಧೂಳು ಕೂಡಿ ಜಿಗುಟಾಗುತ್ತದೆ. ಇನ್ನು ಕಂದಿದ ಎಬೊನೈಟಿಗೆ ಬೂಟ್ ಪಾಲಿಶು ಬಳಿದು ಕಪ್ಪೆಂದು ತೋರಿಸುವುದುಂಟು. ಅದು ಬರೆಯುವವನ ಬೆರಳಿಗೂ ಹತ್ತುತ್ತದೆ, ಮಾರುವವನ ಮನಸ್ಸಿಗೂ ಹತ್ತಬೇಕು.

ಹಾಗಾದರೆ ಆರಿಸುವುದು ಹೇಗೆ? ಕ್ಷೇಮಕರವಾದ ಪಾಲಿಶಿಗೆ ನಾಲ್ಕು ಲಕ್ಷಣಗಳು. ಅದರಲ್ಲಿ ಅಮೋನಿಯ ಇರಬಾರದು. ಸ್ಪಿರಿಟ್ಟಾಗಲಿ ಥಿನ್ನರಿನಂಥ ತೀವ್ರದ್ರವವಾಗಲಿ ಇರಬಾರದು. ಅದರ ಪುಡಿ ನಯವಾಗಿಯೂ ಒಂದೇ ಸಮನಾಗಿಯೂ ಇರಬೇಕು. ಒರಸಿದ ಮೇಲೆ ಅದು ಸಂದುಗಳಲ್ಲಿ ಉಳಿಯಬಾರದು. ಪ್ಲಾಸ್ಟಿಕ್ಕಿಗಾಗಿಯೇ ಮಾಡಿದ ಪಾಲಿಶುಗಳು ಈಗ ದೊರೆಯುತ್ತವೆ. ನೋವಸ್ ಎಂಬುದು 1, 2, 3 ಎಂದು ಅಂಕೆ ಹೊತ್ತು ಬರುತ್ತದೆ. 1 ಸ್ವಚ್ಛಗೊಳಿಸಲು, 2 ಸಣ್ಣ ಗೀರಿಗೆ, 3 ಆಳವಾದ ಗೀರಿಗೆ. ಮೈಕ್ರೋಮೆಶ್ ಎಂಬ ಉಜ್ಜುಬಟ್ಟೆಗಳು 1500ರಿಂದ 12000ದವರೆಗಿನ ಅಂಕೆಗಳಲ್ಲಿವೆ. ಅಂಕೆ ಏರಿದಂತೆ ನಯ ಏರುತ್ತದೆ. ಕೊಳ್ಳುವವರೆಲ್ಲ ದೊಡ್ಡ ಗೀರಿನ ಮದ್ದನ್ನೇ ಮೊದಲು ಹಿಡಿಯುವುದು ವಾಡಿಕೆ. ಅದು ತಪ್ಪು. ಅತ್ಯಂತ ಸೌಮ್ಯವಾದುದರಿಂದ ತೊಡಗಿ, ಅದು ಸಾಲದೆಂದು ಖಚಿತವಾದಾಗ ಮಾತ್ರ ಒಂದು ಮೆಟ್ಟಿಲು ಒರಟಿಗೆ ಇಳಿಯಬೇಕು. ಎಷ್ಟೋ ಪೆನ್ನುಗಳಿಗೆ ಒಣಬಟ್ಟೆಯ ಆಚೆಗೆ ಏನೂ ಬೇಕಾಗಿರುವುದಿಲ್ಲ.

ರಬಕವಿಯ ವಾಚಕರಿಗೆ ಉಪಮಾನವನ್ನು ಹುಡುಕಿ ದೂರ ಹೋಗಬೇಕಾಗಿಲ್ಲ. ಹೊಸ ಸೀರೆಯ ಬಣ್ಣ ಗಟ್ಟಿಯೋ ಅಲ್ಲವೋ ಎಂದು ತಿಳಿಯಲು ಮನೆಯ ಹಿರಿಯರು ಇಡೀ ಸೀರೆಯನ್ನು ನೀರಿಗೆ ಹಾಕುವುದಿಲ್ಲ. ಯಾರ ಕಣ್ಣಿಗೂ ಬೀಳದ ಒಳಮೂಲೆಯನ್ನು ತೊಯ್ಸಿ, ಬಿಳಿಬಟ್ಟೆಯಲ್ಲಿ ಒತ್ತಿ ನೋಡುತ್ತಾರೆ. ಪೆನ್ನಿಗೂ ಇದೇ ಕ್ರಮ. ಟೋಪಿ ಹಾಕಿದಾಗ ಮರೆಯಾಗುವ ಜಾಗದಲ್ಲಿ ಅಕ್ಕಿಕಾಳಿನಷ್ಟು ಅಗಲಕ್ಕೆ ಸವರಿ, ಒರಸಿ, ಒಂದು ದಿನ ಕಾದು ನೋಡಬೇಕು. ಮೈ ಅಂಟಾಗಿಲ್ಲ, ಬಿಳಿಚಿಲ್ಲ, ಬಣ್ಣ ಬಿಟ್ಟಿಲ್ಲ ಎಂದಾದರೆ ಮುಂದುವರಿಯಬಹುದು.

ಇಷ್ಟೆಲ್ಲ ಎಚ್ಚರ ಏಕೆಂದು ಕೇಳುವವರಿಗೆ ಬನಹಟ್ಟಿಯ ಒಂದು ಮನೆಯ ಸಂಗತಿ ಹೇಳಬೇಕು. ಶಿಕ್ಷಕರಾಗಿ ನಿವೃತ್ತರಾದವರೊಬ್ಬರು ತೀರಿಕೊಂಡ ಮೇಲೆ ಅವರ ಪೆನ್ನು ಹೆಂಡತಿಯ ಬಳಿ ಉಳಿಯಿತು. ವಿದ್ಯಾರ್ಥಿಗಳು ಬೀಳ್ಕೊಡುವಾಗ ಕೊಟ್ಟ ಪೆನ್ನು. ಒಡಲಿನ ಮೇಲೆ ಸಣ್ಣ ಅಕ್ಷರಗಳಲ್ಲಿ ಅವರ ಹೆಸರು ಕೊರೆದಿತ್ತು. ಆ ತಾಯಿಗೆ ಕಣ್ಣು ಮಂದ. ಅಕ್ಷರ ಕಾಣುತ್ತಿರಲಿಲ್ಲ, ಹೆಬ್ಬೆರಳಿನಿಂದ ಆ ಕೊರೆತವನ್ನು ಸವರಿ ಪೆನ್ನನ್ನು ಗುರುತಿಸುತ್ತಿದ್ದರು. ಮಕ್ಕಳು ಪ್ರೀತಿಯಿಂದಲೇ, ವರ್ಷಾಂತಿಕದ ದಿನ ತಂದೆಯ ಭಾವಚಿತ್ರದ ಮುಂದೆ ಇಡಬೇಕೆಂದು, ಅದನ್ನು ಪೇಟೆಯ ಒಂದು ಅಂಗಡಿಯಲ್ಲಿ ಚಕ್ರಕ್ಕೆ ಕೊಟ್ಟು ತಂದರು. ಪೆನ್ನು ನಿನ್ನೆ ಕೊಂಡದ್ದರಂತೆ ಹೊಳೆಯುತ್ತಿತ್ತು. ತಾಯಿ ಅದನ್ನು ಕೈಗೆ ತೆಗೆದುಕೊಂಡು, ಅತ್ತಿತ್ತ ಹೊರಳಿಸಿ, ಹೆಬ್ಬೆರಳಾಡಿಸಿ, “ಇದು ಅವರ ಪೆನ್ನಲ್ಲ” ಎಂದು ಹಿಂದಕ್ಕೆ ಕೊಟ್ಟರು. ಮಕ್ಕಳು ಎಷ್ಟು ಹೇಳಿದರೂ ಒಪ್ಪಲಿಲ್ಲ. ಅವರ ಮಾತಿನಲ್ಲಿ ತಪ್ಪೇನಿತ್ತು? ಅಂಗಡಿಯವನು ಮಾಡಿದುದು ಒಳ್ಳೆಯ ಕೆಲಸವೇ. ಆದರೆ ಅವನು ತೆಗೆದ ಆ ಕೂದಲೆಳೆಯಷ್ಟು ಪದರದಲ್ಲಿಯೇ ಅವರ ಯಜಮಾನರ ಹೆಸರಿತ್ತು.

ಪೆನ್ನಿನ ಒಡಲಿನ ಮೇಲೆ ತಯಾರಕನ ಹೆಸರು, ಊರು, ಪೇಟೆಂಟಿನ ಅಂಕೆ ಒತ್ತಿರುವುದುಂಟು. ಅದು ಆ ಪೆನ್ನಿನ ಶಾಸನ. ನಮ್ಮ ಜಿಲ್ಲೆಯ ಬಾದಾಮಿಯಲ್ಲಿ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಸುಮಾರು ಏಳನೆಯ ಶತಮಾನದ್ದು. ಶಾಸನವನ್ನು ಓದಲು ಬರುವ ವಿದ್ವಾಂಸ ಕಲ್ಲನ್ನು ತಿಕ್ಕುವುದಿಲ್ಲ. ತೊಯ್ಸಿದ ಕಾಗದವನ್ನು ಕುಂಚದಿಂದ ಮೆಲ್ಲಗೆ ಒತ್ತಿ, ಮೇಲೆ ಮಸಿಯನ್ನು ತಟ್ಟಿ ಪಡಿಯಚ್ಚು ತೆಗೆಯುತ್ತಾನೆ. ಕಲ್ಲು ಇದ್ದಂತೆಯೇ ಇರುತ್ತದೆ. ಹಳೆಯ ಕಾವ್ಯವನ್ನು ಸಂಪಾದಿಸುವವನ ಧರ್ಮವೂ ಇದೇ. ಓಲೆಯಲ್ಲಿದ್ದ ಪಾಠ ತನಗೆ ರುಚಿಸಲಿಲ್ಲವೆಂದು ಅದನ್ನು ನುಂಗಿ, ತನ್ನ ಪಾಠವನ್ನು ಬರೆಯುವ ಹಾಗಿಲ್ಲ. ತಿದ್ದಿದರೆ ತಿದ್ದಿದೆನೆಂದು ಹೇಳಬೇಕು. ಮೂಲವನ್ನು ಅಡಿಯಲ್ಲಿ ಕಾಣಿಸಬೇಕು. ಪೆನ್ನನ್ನು ಉಜ್ಜುವವನಿಗೆ ಅಡಿಟಿಪ್ಪಣಿ ಬರೆಯುವ ಅನುಕೂಲವಿಲ್ಲ. ಉಜ್ಜಿ ಹೋದ ಪಾಠ ಹೋದಂತೆಯೇ.

ಮುದುವೊಳಲೆಂಬ ಇಂದಿನ ಮುಧೋಳದಲ್ಲಿ 949ರಲ್ಲಿ ರನ್ನ ಹುಟ್ಟಿದ. ಬಳೆಗಾರರ ಮನೆತನ. ಬಳೆಗಾರನ ವೃತ್ತಿಯನ್ನು ನೋಡಿದವರಿಗೆ ಗೊತ್ತು: ಒತ್ತಿದರೆ ಒಡೆಯುವ ವಸ್ತು ಒಂದು ಕಡೆ, ಒತ್ತಿದರೆ ನೋಯುವ ಕೈ ಇನ್ನೊಂದು ಕಡೆ, ನಡುವೆ ಎಷ್ಟು ಒತ್ತಬೇಕೆಂಬ ಹದವೇ ಅವನ ವಿದ್ಯೆ. ಅವನಿಗೆ ಆಶ್ರಯವಿತ್ತ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿದಳೆಂಬುದು ಪ್ರಸಿದ್ಧ. ಓಲೆಯ ಮೇಲೆ ಕಂಠದಿಂದ ಕೊರೆದ ಅಕ್ಷರ ತಾನಾಗಿ ಕಾಣುವುದಿಲ್ಲ. ಎಣ್ಣೆಯಲ್ಲಿ ಕಲಸಿದ ಕಾಡಿಗೆಯನ್ನು ಸವರಿ ಬಟ್ಟೆಯಿಂದ ಒರಸಿದಾಗ ಮೈ ಬೆಳ್ಳಗಾಗಿ ಕೊರೆತದಲ್ಲಿ ಕಪ್ಪು ನಿಲ್ಲುತ್ತದೆ. ನಮ್ಮ ಪೂರ್ವಿಕರೂ ಉಜ್ಜಿದವರೇ. ಆದರೆ ಅವರು ಉಜ್ಜಿದುದು ಅಕ್ಷರ ಕಾಣಲೆಂದು.

ಆದ್ದರಿಂದ ರಬಕವಿಯ ವಾಚಕರಿಗೆ ನನ್ನ ಸಲಹೆ ಹೀಗೆ. ಎಬೊನೈಟಿನ ಪೆನ್ನನ್ನು ಒರಸಿ, ಮೇಣ ಸವರಿ, ಬಿಸಿಲು ತಾಗದ ಕಡೆ ಇಡಿ. ಅದರ ಕಂದು ಬಣ್ಣ ಕಿರ್ದಿ ಪುಸ್ತಕದ ಹಳದಿಯ ಹಾಗೆ ವಯಸ್ಸಿನದು, ರೋಗದ್ದಲ್ಲ. ಸೆಲ್ಯುಲಾಯ್ಡಿನ ಪೆನ್ನನ್ನು ಕೈಯಿಂದಷ್ಟೇ ಸವರಿ, ಬಿಗಿಮುಚ್ಚಳದ ಡಬ್ಬಿಯಲ್ಲಿ ಹಾಕದೆ ಗಾಳಿಗೆ ಬಿಡಿ. ನಮ್ಮ ವೈಶಾಖದ ಬಿಸಿಲಿನಲ್ಲಿ ಮೋಟಾರಿನೊಳಗೆ ಮರೆತು ಹೋಗಬೇಡಿ. ಆಕ್ರಿಲಿಕ್ಕಿನ ಒಡಲಿಗೆ ನಯವಾದ ಪ್ಲಾಸ್ಟಿಕ್ ಪಾಲಿಶು ಬಳಸಬಹುದು, ಟೋಪಿಗೆ ಒಣಬಟ್ಟೆ ಮಾತ್ರ. ಮೂರರಲ್ಲಿಯೂ ಅಕ್ಷರವಿರುವ ಕಡೆ ಕೈ ಹೋಗಕೂಡದು. ಮುಳ್ಳಿನ ತುದಿಯ ಬಿಳಿಯ ಚುಕ್ಕೆಯನ್ನೂ ಮುಟ್ಟಕೂಡದು; ಅಜ್ಜನವರು ವರ್ಷಗಟ್ಟಲೆ ಬರೆದು ಅದನ್ನು ತಮ್ಮ ಕೈಯ ಓರೆಗೆ ತಿದ್ದಿಕೊಂಡಿದ್ದಾರೆ. ರಬ್ಬರಿನ ಚೀಲ ಬಿರುಸಾಗಿದ್ದರೆ ಬಲ್ಲವರಿಂದ ಬದಲಾಯಿಸಿಕೊಳ್ಳಿ. ಅದನ್ನು ಇಂದಿಗೂ ಅಂಟಿಸುವುದು ನಮ್ಮ ದೇಶದ ಅರಗಿನಿಂದಲೇ.

ಆಮೇಲೆ ಶಾಯಿ ತುಂಬಿ, ಕಾಗದ ತೆಗೆದುಕೊಂಡು, ಒಂದು ಪುಟ ಬರೆಯಿರಿ. ಜೇಬಿನಲ್ಲಿ ಓಡಾಡಿ, ದಿನವೂ ಅದೇ ಬೆರಳುಗಳ ನಡುವೆ ತಿರುಗಿದ ಪೆನ್ನಿಗೆ ತಾನಾಗಿಯೇ ಒಂದು ಮೆರುಗು ಬರುತ್ತದೆ. ಆ ಮೆರುಗು ಯಾವ ಡಬ್ಬಿಯಲ್ಲೂ ಮಾರಾಟಕ್ಕಿಲ್ಲ, ಅದರಿಂದ ಪೆನ್ನಿಗೆ ಹಾನಿಯೂ ಇಲ್ಲ.